ಮಾತ್ರೆ ನಿಂತಿತು, ಕಾಲಿನ ಆರೈಕೆ ನಿಲ್ಲಬಾರದು

ಓದುಗರ ಪ್ರಶ್ನೆ: ಆರೋಗ್ಯ ವಿಭಾಗ

ನುಸಿ (ಸೊಳ್ಳೆ) ಹರಡುವ ಫೈಲೇರಿಯಾ ಹುಳದಿಂದ ಬರುವ ಆನೆಕಾಲು ರೋಗದ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಿಗೆ ಈ ಸಲ ಒಟ್ಟಿಗೆ ಉತ್ತರ ಕೊಡುತ್ತಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

*ನಾವು ಚಿಕ್ಕವರಿದ್ದಾಗ ಆರೋಗ್ಯ ಇಲಾಖೆಯವರು ರಾತ್ರಿ ಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರು. ಆಮೇಲೆ ಕೆಲವು ವರ್ಷ ಮಾತ್ರೆ ನುಂಗಿಸಿದರು. ಈಗ ಎರಡೂ ಇಲ್ಲ. ರೋಗ ಪೂರ್ತಿ ಹೋಯಿತೆಂದು ಅರ್ಥವೇ?*
— ಮಲ್ಪೆ

ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದು ನಿಲ್ಲುವ ಮಟ್ಟಕ್ಕೆ ಇಳಿದಿದೆ ಎಂದು ಅರ್ಥ. ಹಿಂದೆ ಸೋಂಕು ತಗಲಿ ಕಾಲು ಊದಿಸಿಕೊಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ದೇಶದಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ನೀವು ನೆನಪಿಸಿಕೊಂಡ ರಾತ್ರಿಯ ರಕ್ತ ಪರೀಕ್ಷೆ ಆ ಕಾಲದ ಮುಖ್ಯ ಕೆಲಸ: ರಕ್ತದಲ್ಲಿ ಮರಿಹುಳ ಇರುವವರನ್ನು ಹುಡುಕಿ ಅವರಿಗಷ್ಟೇ ಔಷಧಿ ಕೊಡುವುದು. ಇದರಿಂದ ರೋಗ ತಗ್ಗಿತು, ಆದರೆ ಹೋಗಲಿಲ್ಲ. ಹುಳ ಇದ್ದವರಲ್ಲಿ ಬಹಳ ಮಂದಿಗೆ ಜ್ವರವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಹುಡುಕಲು ಹೋದವರ ಕೈಗೆ ಅವರು ಸಿಗುವುದೇ ಇಲ್ಲ. ಹಾಗಾಗಿ 2004ರಿಂದ ದಾರಿ ಬದಲಾಯಿತು. ರೋಗವಿರುವ ಜಿಲ್ಲೆಯಲ್ಲಿ ಹುಳ ಇದ್ದವರು, ಇಲ್ಲದವರು ಎಂದು ನೋಡದೆ ಎಲ್ಲರಿಗೂ ವರ್ಷಕ್ಕೊಮ್ಮೆ ಮಾತ್ರೆ ಕೊಡುವ ಸಾಮೂಹಿಕ ಔಷಧಿ ಸೇವನೆ ಬಂತು. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿದ್ದದ್ದು ಉತ್ತರದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ.

ವರ್ಷಕ್ಕೊಮ್ಮೆ, ಅದೂ ಕಡಿಮೆಯೆಂದರೆ ಐದು ವರ್ಷ ಕೊಡಬೇಕಾದ್ದಕ್ಕೆ ಕಾರಣವಿದೆ. ದೊಡ್ಡ ಹುಳಗಳು ಮೈಯ ನೀರನ್ನು ಸಾಗಿಸುವ ದುಗ್ಧನಾಳಗಳೊಳಗೆ ಗಂಟು ಕಟ್ಟಿಕೊಂಡು ಸುಮಾರು ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತವೆ. ಹೆಣ್ಣುಹುಳ ಎಂಟು–ಹತ್ತು ಸೆಂಟಿಮೀಟರ್ ಉದ್ದದ, ನೂಲಿನಷ್ಟು ತೆಳ್ಳಗಿನ ಜೀವಿ. ಬದುಕಿರುವಷ್ಟು ಕಾಲ ರಕ್ತಕ್ಕೆ ಮರಿಗಳನ್ನು ಬಿಡುತ್ತಲೇ ಇರುತ್ತದೆ. ಮಾತ್ರೆ ರಕ್ತದಲ್ಲಿರುವ ಮರಿಗಳನ್ನು ಬೇಗ ಕೊಲ್ಲುತ್ತದೆ, ತಾಯಿಹುಳಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಆದ್ದರಿಂದ ತಾಯಿಹುಳಗಳು ಮುದಿಯಾಗಿ ಸಾಯುವ ತನಕ ಪ್ರತಿ ವರ್ಷವೂ ಮರಿಗಳನ್ನು ಅಳಿಸುತ್ತಾ ಹೋಗಬೇಕು. ನುಸಿಗೆ ರಕ್ತದಲ್ಲಿ ಮರಿ ಸಿಗದಿದ್ದರೆ ಹರಡುವಿಕೆ ತಾನಾಗಿ ನಿಲ್ಲುತ್ತದೆ. ಆದರೆ ಊರಿನ ಒಟ್ಟು ಜನಸಂಖ್ಯೆಯ ಶೇ. 65ರಷ್ಟಾದರೂ ಜನ ನಿಜವಾಗಿ ನುಂಗಿದರೆ ಮಾತ್ರ ಆ ಸುತ್ತು ಲೆಕ್ಕಕ್ಕೆ ಬರುತ್ತದೆ. ಕೈಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟ ಮಾತ್ರೆಯಿಂದ ಏನೂ ಆಗದು. ಆಶಾ ಕಾರ್ಯಕರ್ತೆ ಎದುರಿಗೇ ನುಂಗಿ ಎಂದು ಒತ್ತಾಯಿಸುವುದು ಇದಕ್ಕೇ.

ನಿಲ್ಲಿಸುವ ತೀರ್ಮಾನಕ್ಕೂ ಪರೀಕ್ಷೆ ಇದೆ. ಮೊದಲು ರಾತ್ರಿಯ ರಕ್ತ ಪರೀಕ್ಷೆಯಲ್ಲಿ ಮರಿಹುಳ ಇರುವವರ ಪ್ರಮಾಣ ಶೇ. 1ಕ್ಕಿಂತ ಕೆಳಗೆ ಬರಬೇಕು. ಆಮೇಲೆ ಆರೇಳು ವರ್ಷದ, ಅಂದರೆ ಒಂದನೇ ಎರಡನೇ ತರಗತಿಯ ಮಕ್ಕಳ ರಕ್ತದಲ್ಲಿ ಹುಳದ ಗುರುತು ಇದೆಯೇ ಎಂದು ನೋಡುತ್ತಾರೆ. ಈ ಮಕ್ಕಳು ಮಾತ್ರೆ ಶುರುವಾದ ಮೇಲೆ ಹುಟ್ಟಿದವರು. ಇವರಲ್ಲಿ ಸೋಂಕಿದ್ದರೆ ಅದು ಇತ್ತೀಚೆಗೆ ತಗಲಿದ್ದೇ. ಪರೀಕ್ಷೆಗೆಂದು ಗುರುತಿಸಿದ ಒಂದು ಪ್ರದೇಶದಲ್ಲಿ ಸಾಮಾನ್ಯವಾಗಿ ಒಂದೂವರೆ ಸಾವಿರದಿಂದ 1,700 ಮಕ್ಕಳನ್ನು ಪರೀಕ್ಷಿಸುತ್ತಾರೆ. ಸೋಂಕಿರುವವರು 18–20ರ ಮಿತಿ ದಾಟಬಾರದು. ದಾಟದಿದ್ದರೆ ಮಾತ್ರೆ ನಿಲ್ಲಿಸಿ, ಎರಡು ಮೂರು ವರ್ಷ ಬಿಟ್ಟು ಮತ್ತೆ ಅದೇ ಪರೀಕ್ಷೆ. ಇನ್ನೆರಡು ಮೂರು ವರ್ಷ ಬಿಟ್ಟು ಮೂರನೆಯದು. ನಿಮ್ಮ ಶಾಲೆಯಲ್ಲಿ ಇಂಥ ಪರೀಕ್ಷೆಗೆ ಒಪ್ಪಿಗೆ ಕೇಳಿದರೆ ದಯವಿಟ್ಟು ಇಲ್ಲ ಎನ್ನಬೇಡಿ. ರೋಗ ಮರಳಿ ಬರುತ್ತಿದೆಯೇ ಎಂದು ಬೇಗ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

*ರಕ್ತವನ್ನು ರಾತ್ರಿಯೇ ಯಾಕೆ ತೆಗೆಯಬೇಕು? ಹಗಲು ತೆಗೆದರೆ ಆಗದೇ?*
— ಕಾರ್ಕಳ

ಮರಿಹುಳಗಳು ಹಗಲು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಚರ್ಮದ ಕಡೆಯ ರಕ್ತಕ್ಕೆ ಬರುತ್ತವೆ. ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ ಅವುಗಳ ಸಂಖ್ಯೆ ತುತ್ತತುದಿಯಲ್ಲಿರುತ್ತದೆ. ಇವನ್ನು ಹರಡುವ ಕ್ಯೂಲೆಕ್ಸ್ ನುಸಿ ಮನೆಯೊಳಗೆ ಬಂದು ಕಚ್ಚುವುದೂ ಅದೇ ಹೊತ್ತಿಗೆ. ಕಲ್ಕತ್ತದಲ್ಲಿ 1872ರಲ್ಲಿ ಮನುಷ್ಯರ ರಕ್ತದಲ್ಲಿ ಈ ಮರಿಹುಳಗಳನ್ನು ಕಂಡವರು ಟಿಮೊಥಿ ಲೂಯಿಸ್. ಅವು ನುಸಿಯ ಹೊಟ್ಟೆಗೆ ಹೋಗಿ ಬೆಳೆಯುತ್ತವೆ ಎಂದು ಚೀನಾದ ಅಮೋಯ್‌ನಲ್ಲಿ 1877ರಲ್ಲಿ ಕಂಡುಕೊಂಡವರು ಪ್ಯಾಟ್ರಿಕ್ ಮ್ಯಾನ್ಸನ್. ನುಸಿಯಿಂದ ಮನುಷ್ಯನ ರೋಗ ಹರಡುತ್ತದೆ ಎಂಬ ತಿಳಿವಳಿಕೆಗೆ ಮೊದಲ ದಾರಿ ತೋರಿಸಿದ್ದು ಮಲೇರಿಯಾ ಅಲ್ಲ, ಇದೇ ರೋಗ.

ಪರೀಕ್ಷೆಗೆ ಬೆರಳ ತುದಿಯಿಂದ 20 ಘನ ಮಿಲಿಮೀಟರ್ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ದಪ್ಪಗೆ ಹಚ್ಚಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಪ್ಪಾಗುವುದು ಎರಡು ಕಡೆ. ಸಿಬ್ಬಂದಿ ಬೇಗ ಮುಗಿಸಬೇಕೆಂದು ಸಂಜೆ ಏಳಕ್ಕೇ ರಕ್ತ ತೆಗೆದರೆ ಹುಳ ಇದ್ದವರಲ್ಲೂ ಇಲ್ಲ ಎಂದು ಬರಬಹುದು. ಇನ್ನೊಂದು, ತಿಂಗಳುಗಟ್ಟಲೆ ರಾತ್ರಿ ದುಡಿದು ಹಗಲು ಮಲಗುವವರಲ್ಲಿ ಹುಳಗಳ ಈ ಲಯವೇ ತಿರುಗಿಬಿಡುತ್ತದೆ. ರಾತ್ರಿಯಿಡೀ ಬೋಟಿನಲ್ಲಿರುವ ಮೀನುಗಾರರ ರಕ್ತ ತೆಗೆಯುವಾಗ ಅವರು ಮಲಗುವ ಹೊತ್ತು ಯಾವುದೆಂದು ಕೇಳಿ ಬರೆದುಕೊಳ್ಳಬೇಕು.

ಎಫ್‌ಟಿಎಸ್ ಎಂಬ ಪಟ್ಟಿ ಪರೀಕ್ಷೆ ಇದೆ. ಇದಕ್ಕೆ 75 ಮೈಕ್ರೋಲೀಟರ್ ರಕ್ತ ಸಾಕು, ಹತ್ತು ನಿಮಿಷದಲ್ಲಿ ಫಲಿತಾಂಶ. ಇದು ದೊಡ್ಡ ಹುಳಗಳ ಪ್ರೋಟೀನನ್ನು ಹುಡುಕುವುದರಿಂದ ಹಗಲಲ್ಲೂ ಮಾಡಬಹುದು. ಹತ್ತನೇ ನಿಮಿಷಕ್ಕೇ ಓದಬೇಕು. ತಡವಾಗಿ ನೋಡಿದರೆ ಇಲ್ಲದ ಗೆರೆ ಮೂಡಿ ದಾರಿ ತಪ್ಪಿಸುತ್ತದೆ.

*ಮಗನಿಗೆ ಕಲಬುರಗಿಯಲ್ಲಿ ಕೆಲಸ. ಅಲ್ಲಿ ಮನೆಮನೆಗೆ ಬಂದು ಆನೆಕಾಲು ಮಾತ್ರೆ ಕೊಟ್ಟರಂತೆ. ತಮ್ಮದು ಉಡುಪಿ, ರೋಗವೂ ಇಲ್ಲ ಎಂದು ಅವನು ನುಂಗಿಲ್ಲ. ಸೊಸೆ ನುಂಗಿದ್ದಕ್ಕೆ ತಲೆಸುತ್ತು ಬಂತು. ಯಾರು ಮಾಡಿದ್ದು ಸರಿ?*
— ಕುಂದಾಪುರ

ಸೊಸೆ ಮಾಡಿದ್ದು ಸರಿ. ನುಸಿ ಕಚ್ಚುವಾಗ ಊರು ಕೇಳುವುದಿಲ್ಲ. ಈಗ ಯಾವ ಊರಿನಲ್ಲಿ ಮಲಗುತ್ತಾರೋ ಅಲ್ಲಿನ ಮಾತ್ರೆ ಅವರಿಗೂ ಅನ್ವಯ.

ಎರಡು ಔಷಧಿಯ ಕ್ರಮದಲ್ಲಿ ಡಿಇಸಿ ಎಂಬ ಹುಳ ಕೊಲ್ಲುವ ಔಷಧಿಯ 100 ಮಿಲಿಗ್ರಾಂ ಮಾತ್ರೆ ವಯಸ್ಸಿನ ಮೇಲೆ: 2ರಿಂದ 5 ವರ್ಷದವರಿಗೆ ಒಂದು, 6ರಿಂದ 14ರವರಿಗೆ ಎರಡು, 15 ಮತ್ತು ಮೇಲಿನವರಿಗೆ ಮೂರು. ಜೊತೆಗೆ ಎಲ್ಲರಿಗೂ ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು, ಜಗಿದು ತಿನ್ನಬೇಕು. ಮೂರು ಔಷಧಿಯ ಕ್ರಮವಿರುವ ಜಿಲ್ಲೆಯಲ್ಲಿ ಇದರ ಜೊತೆ ಐವರ್ಮೆಕ್ಟಿನ್ ಸೇರುತ್ತದೆ. ಅದನ್ನು ಎತ್ತರ ಅಳೆದು ಕೊಡುತ್ತಾರೆ: 90–119 ಸೆಂ.ಮೀ. ಇದ್ದವರಿಗೆ 3 ಮಿಲಿಗ್ರಾಂನ ಒಂದು ಮಾತ್ರೆ, 120–140ಕ್ಕೆ ಎರಡು, 141–158ಕ್ಕೆ ಮೂರು, 159 ಮತ್ತು ಮೇಲಕ್ಕೆ ನಾಲ್ಕು. ಗೋಡೆಗೆ ಅಳತೆಪಟ್ಟಿ ಹಿಡಿದು ನಿಲ್ಲಿಸುವುದು ಇದಕ್ಕೆ. ಐದು ವರ್ಷದೊಳಗಿನ ಮಕ್ಕಳಿಗೆ ಐವರ್ಮೆಕ್ಟಿನ್ ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಗಂಭೀರ ಕಾಯಿಲೆಯಲ್ಲಿರುವವರು ಯಾವ ಕ್ರಮದಲ್ಲೂ ನುಂಗಬಾರದು. ಸೊಸೆ ಗರ್ಭಿಣಿಯಾಗಿದ್ದರೆ ಕೊಡುವ ಮೊದಲೇ ಹೇಳಬೇಕಿತ್ತು. ಹಾಗೇನಾದರೂ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಲಿ. ಬಾಣಂತಿಯರೂ ಹೆರಿಗೆಯ ದಿನವನ್ನು ಹೇಳಿಯೇ ನುಂಗಬೇಕು.

ತಲೆಸುತ್ತಿಗೆ ಎರಡು ಕಾರಣ ಇರಬಹುದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ತಲೆಸುತ್ತು ಸಾಮಾನ್ಯ. ಊಟವಾದ ಮೇಲೆಯೇ ನುಂಗಬೇಕು. ರಕ್ತದಲ್ಲಿ ಮರಿಹುಳ ಇದ್ದವರಿಗೆ ಅವು ಸಾಯುವಾಗ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೆದರುವ ಮಾತೇನಿಲ್ಲ, ಔಷಧಿ ಕೆಲಸ ಮಾಡಿದೆ ಎನ್ನುವುದಕ್ಕೆ ಅದೇ ಗುರುತು. ಉಸಿರಾಟ ಕಷ್ಟವಾದರೆ, ಮೈಮೇಲೆ ದದ್ದು ಎದ್ದರೆ, ಜ್ವರ ಮೂರು ದಿನ ಮೀರಿದರೆ ಆಸ್ಪತ್ರೆಗೆ ಹೋಗಬೇಕು.

ಮಗ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಪ್ಪಿಹೋದ ಮಾತ್ರೆ ಕೇಳಲಿ. ಔಷಧಿ ಅಂಗಡಿಯಿಂದ ತಾನೇ ತಂದು ನುಂಗುವುದು ಬೇಡ.

*ಅತ್ತೆಯವರ ಎಡಗಾಲು ಇಪ್ಪತ್ತು ವರ್ಷದಿಂದ ಊದಿದೆ. ಮಾತ್ರೆ ಎಷ್ಟು ಕೋರ್ಸ್ ಮಾಡಿದರೂ ಇಳಿಯಲಿಲ್ಲ. ಈಗ ಮಳೆಗಾಲ ಬಂದರೆ ಚರ್ಮ ಬಿರುಕು ಬಿಟ್ಟು ನೀರು ಸುರಿಯುತ್ತದೆ, ವಾಸನೆಯೂ ಬರುತ್ತದೆ. ಅವರು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಏನಾದರೂ ದಾರಿ ಇದೆಯೇ?*
— ಕಾಪು

ಇದೆ. ನಮ್ಮ ಬಳಿ ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮದೇ ಎಂದು ನಮಗನಿಸುತ್ತದೆ. ಹುಳದ ಮೇಲೆ ಇಷ್ಟು ವರ್ಷ ಇಷ್ಟೊಂದು ಕೆಲಸವಾಯಿತು. ಇಂಥ ತಾಯಂದಿರ ಕಾಲಿನ ಬಗ್ಗೆ ಆಗಬೇಕಾದಷ್ಟು ಆಗಿಲ್ಲ.

ಮೊದಲು ಕಾರಣ ತಿಳಿದುಕೊಳ್ಳಿ. ಅತ್ತೆಯವರ ಕಾಲಲ್ಲಿ ಈಗ ಹುಳ ಇರುವ ಸಾಧ್ಯತೆ ಕಡಿಮೆ. ಹುಳ ಹಾಳುಮಾಡಿದ ದುಗ್ಧನಾಳಗಳು ನೀರನ್ನು ಮೇಲಕ್ಕೆ ಸಾಗಿಸುವ ಶಕ್ತಿ ಕಳೆದುಕೊಂಡಿವೆ. ಹಾಗಾಗಿ ಹುಳ ಕೊಲ್ಲುವ ಮಾತ್ರೆಯಿಂದ ಊತ ಇಳಿಯದು. ಆದರೆ ಊತ ವರ್ಷದಿಂದ ವರ್ಷಕ್ಕೆ ಹೆಚ್ಚಲು ಕಾರಣ ಬೇರೆ: ಬೆರಳ ಸಂದಿಯ ಕೆಸರುಹುಣ್ಣು, ಬಿರುಕು, ತರಚು ಗಾಯಗಳ ಮೂಲಕ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಪ್ರತಿ ಸಲ ಜ್ವರ ಬಂದು ಕಾಲು ಕೆಂಪೇರಿ ಉರಿದಾಗ ಉಳಿದ ನಾಳಗಳೂ ಒಂದಿಷ್ಟು ಹಾಳಾಗುತ್ತವೆ. ಈ ಬಾಗಿಲು ಮುಚ್ಚಿದರೆ ಜ್ವರ ನಿಲ್ಲುತ್ತದೆ, ವಾಸನೆ ವಾರಗಳಲ್ಲೇ ಹೋಗುತ್ತದೆ, ಊತವೂ ಬೆಳೆಯುವುದು ನಿಂತು ಎಷ್ಟೋ ಜನರಲ್ಲಿ ಸ್ವಲ್ಪ ಇಳಿಯುತ್ತದೆ. ಬೇಕಾಗುವುದು ಒಂದು ಅಗಲವಾದ ಟಬ್, ಒಂದು ಚೊಂಬು, ಸಾದಾ ಮೈಸೋಪು, ಮೆತ್ತಗಿನ ಹತ್ತಿಯ ಬೈರಾಸು, ಹಳೆಯ ಬಿಳಿ ಪಂಚೆಯ ಚಿಂದಿ, ಶಿಲೀಂಧ್ರಕ್ಕೆ ಹಚ್ಚುವ ಮುಲಾಮು. ಟಬ್, ಚೊಂಬು, ಸೋಪು, ಬೈರಾಸು, ಮುಲಾಮು ಸೇರಿದ ಕಿಟ್ ಸರ್ಕಾರದಿಂದ ಸಿಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೇಳಿ, ರೋಗಿಯ ಹೆಸರನ್ನು ಪಟ್ಟಿಯಲ್ಲಿ ಬರೆಸಿ.

ತೊಳೆಯುವ ಕ್ರಮ ಹೀಗೆ. ದಿನಕ್ಕೊಮ್ಮೆ, ಮಳೆಗಾಲದಲ್ಲಿ ಬೆಳಿಗ್ಗೆ ಸಂಜೆ ಎರಡು ಸಲ. ಒಳ್ಳೆಯ ಬೆಳಕಿರುವ ಕಡೆ ಕುರ್ಚಿಯಲ್ಲಿ ಕೂರಿಸಿ. ಅವರಿಗೆ ಬಗ್ಗಲು ಆಗದಿದ್ದರೆ ಮನೆಯವರು ಕೆಳಗೆ ಕೂತು ಮಾಡಬೇಕು. ತೊಳೆಯುವ ಮೊದಲು ನಿಮ್ಮ ಕೈಗೆ ಸೋಪು ಹಾಕಿಕೊಳ್ಳಿ. ಬೆರಳ ಸಂದಿಗಳನ್ನೂ ಚರ್ಮದ ಮಡಿಕೆಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿ: ಬಿಳಿಚಿಕೊಂಡ ಚರ್ಮ, ಬಿರುಕು, ಗುಳ್ಳೆ. ಇವನ್ನು ಹುಡುಕುವುದೇ ಅರ್ಧ ಚಿಕಿತ್ಸೆ. ನೀರು ತಣ್ಣೀರೇ ಇರಲಿ. ನಮ್ಮಲ್ಲಿ ಊದಿದ ಕಾಲಿಗೆ ಬಿಸಿನೀರು ಹೊಯ್ಯುವ ರೂಢಿ ಗಟ್ಟಿಯಾಗಿದೆ, ಅದು ಊತ ಹೆಚ್ಚಿಸುತ್ತದೆ. ಊದಿದ ಕಾಲಿಗೆ ಸ್ಪರ್ಶ ಕಡಿಮೆಯಿದ್ದರೆ ಸುಟ್ಟದ್ದೂ ಗೊತ್ತಾಗದು. ಮೊಣಕಾಲಿನಿಂದ ಕೆಳಕ್ಕೆ ಕೈಯಿಂದಲೇ ಸೋಪು ಹಚ್ಚುತ್ತಾ ಬನ್ನಿ. ಬ್ರಶ್ಶು, ತೆಂಗಿನ ನಾರು, ಕಲ್ಲು ಯಾವುದೂ ಬೇಡ. ಬೆರಳ ಸಂದಿಗೆ ಬಟ್ಟೆಯ ಚಿಂದಿಯನ್ನು ಮೆಲ್ಲಗೆ ಎಳೆದು ಸ್ವಚ್ಛಮಾಡಿ. ಟಬ್ಬಿನ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ತೊಳೆಯಿರಿ. ಉಳಿದ ಸೋಪು ಚರ್ಮವನ್ನು ಕೆರಳಿಸುತ್ತದೆ. ಇನ್ನೊಂದು ಕಾಲನ್ನೂ ಬಿಡಬೇಡಿ.

ಹೆಚ್ಚಿನವರು ಎಡವುವುದು ಒರೆಸುವಲ್ಲಿ. ಉಜ್ಜದೆ ಒತ್ತಿ ಒತ್ತಿ ಒರೆಸಬೇಕು, ಬೆರಳ ಸಂದಿ ಪೂರ್ತಿ ಒಣಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಬೈರಾಸೇ ಒಣಗುವುದಿಲ್ಲ. ಒದ್ದೆ ಬೈರಾಸಿನಿಂದ ಒರೆಸಿದರೆ ಶಿಲೀಂಧ್ರವನ್ನೇ ಹಚ್ಚಿದಂತೆ. ಮೂರು ನಾಲ್ಕು ಚಿಂದಿಗಳನ್ನಿಟ್ಟುಕೊಂಡು ಇಸ್ತ್ರಿ ಹಾಕಿ ಒಣಗಿಸಿ ಬಳಸಿ. ಒಣಗಿದ ಮೇಲೆ ಬಿಳಿಚಿದ ಸಂದಿಗಳಿಗೆ ವೈದ್ಯರು ಕೊಟ್ಟ ಕ್ಲೋಟ್ರಿಮಜೋಲ್ ಅಥವಾ ವಿಟ್‌ಫೀಲ್ಡ್ ಮುಲಾಮು ತೆಳ್ಳಗೆ ಹಚ್ಚಿ. ಹುಣ್ಣು ಮಾಯ್ದಂತೆ ಕಂಡರೂ ಅವರು ಹೇಳಿದಷ್ಟು ದಿನ ಮುಂದುವರಿಸಿ. ಒಣ ಚರ್ಮಕ್ಕೆ ತೆಂಗಿನೆಣ್ಣೆ ಆಗಬಹುದು, ಸಂದಿಗಳಿಗೆ ಮಾತ್ರ ಎಣ್ಣೆ ಬೇಡ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆಗೆ ಕೊರೆಯಬೇಡಿ.

ಇನ್ನು ಹಗಲು ಕೂರುವಾಗ ಕಾಲನ್ನು ಸ್ಟೂಲಿನ ಮೇಲಿಡಿ, ಮೊಣಕಾಲಿನ ಕೆಳಗೆ ದಿಂಬು ಕೊಡಿ. ರಾತ್ರಿ ಮಂಚದ ಕಾಲಿನ ಕಡೆಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಹೃದಯದ ತೊಂದರೆಯಿದ್ದರೆ ಇದನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಹಿಮ್ಮಡಿ ಎತ್ತಿ ಇಳಿಸುವುದು, ಪಾದವನ್ನು ದುಂಡಗೆ ತಿರುಗಿಸುವುದು ಹತ್ತು ಹದಿನೈದು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಪಾದಕ್ಕೆ ಬಿಗಿಯಾಗದ ಅಗಲ ಪಟ್ಟಿಯ ಚಪ್ಪಲಿ ಅಂಗಳಕ್ಕೂ ಬೇಕು. ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಬ್ಯಾಂಡೇಜನ್ನು ತಾವೇ ಸುತ್ತುವುದು ಬೇಡ. ತಪ್ಪಾಗಿ ಬಿಗಿದರೆ ಕೆಳಗೆ ಇನ್ನಷ್ಟು ಊದುತ್ತದೆ. ಸುತ್ತುವುದನ್ನು ಕಲಿಸುವವರಿದ್ದಾರೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ತೊಳೆಯುವಿಕೆ, ಆಯುರ್ವೇದ, ಯೋಗ, ಬ್ಯಾಂಡೇಜ್ ಸೇರಿಸಿದ ಚಿಕಿತ್ಸೆಯಿದೆ. ನಿಮಗೆ ದೂರವೂ ಅಲ್ಲ.

ಈಗ ನೀರು ಸುರಿಯುತ್ತಿರುವುದರಿಂದ ಒಮ್ಮೆ ಚರ್ಮವೈದ್ಯರಿಗೆ ತೋರಿಸಿಯೇ ಶುರುಮಾಡಿ. ಮೂರು ತಿಂಗಳು ಬಿಡದೆ ಮಾಡಿದರೆ ಅತ್ತೆಯವರನ್ನು ಮದುವೆಗೆ ಕರೆದುಕೊಂಡು ಹೋಗುವ ದಿನ ಬರುತ್ತದೆ ಎಂಬ ಭರವಸೆ ನಮಗಿದೆ.

*ತಂದೆಯವರಿಗೆ ಎರಡು ತಿಂಗಳಿಗೊಮ್ಮೆ ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಕಾಲು ಬೆಂಕಿಯಂತೆ. ಪ್ರತಿ ಸಲ ಡಿಇಸಿ ನುಂಗಿ, ಸೊಪ್ಪಿನ ಲೇಪ ಹಾಕುತ್ತೇವೆ. ಸರಿಯೇ?*
— ಬಂಟ್ವಾಳ

ಸರಿಯಲ್ಲ, ಎರಡನ್ನೂ ನಿಲ್ಲಿಸಿ. ಈ ಜ್ವರ ಬ್ಯಾಕ್ಟೀರಿಯಾದ್ದು, ಹುಳದ್ದಲ್ಲ. ಜ್ವರದ ದಿನಗಳಲ್ಲಿ ಡಿಇಸಿ ಬೇಡ. ಬಿಸಿ ಶಾಖ, ತಿಕ್ಕುವುದು, ಗುಳ್ಳೆ ಒಡೆಯುವುದು, ಲೇಪ ಯಾವುದೂ ಬೇಡ. ಲೇಪದಡಿಯಲ್ಲಿ ಹುಣ್ಣು ಕಾಣದೆ ಬೆಳೆಯುತ್ತದೆ. ಮಲಗಿಸಿ, ಕಾಲು ಎತ್ತರಕ್ಕಿಡಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕಿ, ನೀರು ಹೆಚ್ಚು ಕುಡಿಸಿ, ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಿ. ವ್ಯಾಯಾಮ ನಿಲ್ಲಿಸಿ, ಮೆಲ್ಲಗೆ ತೊಳೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಆಂಟಿಬಯೋಟಿಕ್ ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆಯಬೇಕು. ಪೆನಿಸಿಲಿನ್ ಅಲರ್ಜಿ ಇದ್ದರೆ ಹೇಳಿ. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸುವುದರಿಂದಲೇ ಎರಡು ತಿಂಗಳಿಗೆ ಮತ್ತೆ ಬರುವುದುಂಟು. ವರ್ಷಕ್ಕೆ ಹಲವು ಸಲ ಬರುವವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಾಥಿನ್ ಪೆನಿಸಿಲಿನ್ ಚುಚ್ಚುಮದ್ದು ಕೊಡುವ ಕ್ರಮವೂ ಇದೆ, ಕೇಳಿ ನೋಡಿ. ಮಾತು ತೊದಲಿದರೆ, ವಾಂತಿ ನಿಲ್ಲದಿದ್ದರೆ, ಕಾಲು ಕಪ್ಪಾದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ.

ಸೇರಿಸಿ ಹೇಳಬೇಕಾದ್ದು: ಊದಿದ ಕಾಲೆಲ್ಲ ಆನೆಕಾಲಲ್ಲ. ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಮೂತ್ರಪಿಂಡ ನೋಡಿಸಬೇಕು. ಒಂದೇ ಕಾಲು ದಿನ ಎರಡು ದಿನದಲ್ಲಿ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದು ತುರ್ತು.

*ನಮ್ಮ ವಠಾರದ ಸೆಪ್ಟಿಕ್ ಟ್ಯಾಂಕಿನಿಂದ ಸಂಜೆ ನುಸಿ ಹಿಂಡುಹಿಂಡಾಗಿ ಬರುತ್ತದೆ. ಫಾಗಿಂಗ್ ಮಾಡಿಸಿದರೆ ಎರಡೇ ದಿನ ಕಡಿಮೆ.*
— ಜೆಪ್ಪು, ಮಂಗಳೂರು

ಹೊಗೆ ಆ ಹೊತ್ತಿಗೆ ಹಾರುತ್ತಿರುವ ನುಸಿಯನ್ನಷ್ಟೇ ಕೊಲ್ಲುತ್ತದೆ. ಟ್ಯಾಂಕಿನೊಳಗಿನ ಮರಿಗಳಿಗೆ ಅದು ತಲುಪದು. ಮಂಗಳೂರಿನಲ್ಲಿ ನುಸಿ ಎಂದರೆ ಎಲ್ಲರೂ ಮಲೇರಿಯಾ, ಡೆಂಗಿಯದ್ದನ್ನೇ ನೆನೆಯುತ್ತಾರೆ. ಅವು ಹುಟ್ಟುವುದು ಟೆರೇಸಿನ ಟ್ಯಾಂಕಿ, ಕಟ್ಟಡ ಕೆಲಸದ ನೀರು, ಚಿಪ್ಪು, ಅಡಿಕೆ ಹಾಳೆಯಂಥ ಕಡೆಯ ಶುದ್ಧ ನೀರಲ್ಲಿ. ಫೈಲೇರಿಯಾ ಹರಡುವ ಕ್ಯೂಲೆಕ್ಸ್‌ಗೆ ಕೊಳಕು ನೀರೇ ಬೇಕು: ಸೆಪ್ಟಿಕ್ ಟ್ಯಾಂಕು, ಮೋರಿ, ಬಚ್ಚಲು ನೀರಿನ ಹೊಂಡ, ನಿಂತ ತೋಡು. ಭಾರೀ ಮಳೆಯಲ್ಲಿ ತೋಡು ಕೊಚ್ಚಿಹೋಗಿ ಇವು ಕಡಿಮೆಯಾಗುತ್ತವೆ, ಡಿಸೆಂಬರಿನಿಂದ ಮೇ ತನಕ ಹೆಚ್ಚುತ್ತವೆ. ಮೊಟ್ಟೆಯಿಂದ ನುಸಿಯಾಗಲು ನಮ್ಮ ಸೆಖೆಗೆ ಏಳರಿಂದ ಹತ್ತು ದಿನ ಸಾಕು.

ಮೊದಲು ಟ್ಯಾಂಕಿನ ಗಾಳಿ ಕೊಳವೆಯ ತುದಿ ನೋಡಿ. ಅಲ್ಲಿಗೆ ಸಣ್ಣ ಕಣ್ಣಿನ ನೈಲಾನ್ ಅಥವಾ ತುಕ್ಕು ಹಿಡಿಯದ ಉಕ್ಕಿನ ಬಲೆ ಕಟ್ಟಿ, ಮೇಲೆ ಕ್ಲಾಂಪ್ ಹಾಕಿ. ಕಬ್ಬಿಣದ ಬಲೆ ಉಪ್ಪುಗಾಳಿಗೆ ಬೇಗ ಉದುರಿಹೋಗುತ್ತದೆ. ಚಪ್ಪಡಿಗಳ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿ. ಕಡ್ಡಿ ತೂರುವಷ್ಟು ಬಿರುಕಿದ್ದರೂ ನುಸಿಗೆ ದಾರಿ. ಆಮೇಲೆ ಟ್ಯಾಂಕಿನಿಂದ ಹೊರಬರುವ ನೀರು ತೆರೆದ ಮೋರಿಗೆ ಹೋಗದೆ ಇಂಗುಗುಂಡಿಗೆ ಹೋಗುವಂತೆ ಮಾಡಿ. ಕೆಂಪುಕಲ್ಲಿನ ಹಳೆಯ, ನೀರು ನಿಲ್ಲುವ ಹೊಂಡ ಶೌಚಕ್ಕಿದ್ದರೆ ಇನ್ನೊಂದು ಉಪಾಯವುಂಟು: ಎರಡು ಮೂರು ಮಿಲಿಮೀಟರಿನ ಥರ್ಮೋಕೋಲ್ ಮಣಿಗಳನ್ನು ನೀರ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ತೇಲಿಬಿಡುವುದು. ಒಂದು ಚದರ ಮೀಟರಿಗೆ ಹತ್ತು ಲೀಟರ್ ಅಳತೆಯ ಮಣಿ ಬೇಕು. ಮರಿಗಳು ಉಸಿರಾಡಲು ಮೇಲೆ ಬರಲಾರದೆ ಸಾಯುತ್ತವೆ, ನುಸಿಗೆ ಮೊಟ್ಟೆಯಿಡಲೂ ಆಗದು. ಝಾಂಜಿಬಾರಿನ ಮಕುಂಡುಚಿ ಊರಿನಲ್ಲಿ ಮಾತ್ರೆಯ ಜೊತೆ ಇದನ್ನು ಮಾಡಿ ನುಸಿಯನ್ನೂ ಸೋಂಕನ್ನೂ ತೀರಾ ಇಳಿಸಿದ್ದರು. ಆದರೆ ಮಳೆಗಾಲದಲ್ಲಿ ತುಂಬಿ ಹರಿಯುವ ಹೊಂಡಕ್ಕೆ, ಹರಿಯುವ ಮೋರಿಗೆ ಇದು ಸಲ್ಲದು. ಮಣಿಗಳೆಲ್ಲ ತೋಡಿಗೆ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತವೆ. ನಮ್ಮ ಕಡೆಯ ಹೊಂಡಗಳಲ್ಲಿ ಹೆಚ್ಚಿನವು ಆಷಾಢದಲ್ಲಿ ತುಂಬುವುದರಿಂದ ನಾವು ಬಲೆ ಮತ್ತು ಸಿಮೆಂಟನ್ನೇ ಹೇಳುತ್ತೇವೆ. ಸುಟ್ಟ ಇಂಜಿನ್ ಆಯಿಲ್ ಸುರಿಯುವುದಂತೂ ಬೇಡವೇ ಬೇಡ, ಬಾವಿ ನೀರು ಕೆಡುತ್ತದೆ. ಮಲಗುವಾಗ ಸೊಳ್ಳೆಪರದೆ ಕಟ್ಟಿ. ಕ್ಯೂಲೆಕ್ಸ್ ಕಚ್ಚುವುದು ನಡುರಾತ್ರಿ.

*ಶ್ರೀಲಂಕಾ, ಮಾಲ್ದೀವ್ಸ್ ಮುಗಿಸಿಬಿಟ್ಟವು ಎಂದು ಓದಿದೆ. ನಮಗೇಕೆ ಆಗಿಲ್ಲ?*
— ವಿದ್ಯಾರ್ಥಿನಿ, ಮಣಿಪಾಲ

ವಿಶ್ವ ಆರೋಗ್ಯ ಸಂಸ್ಥೆ ಸಾರ್ವಜನಿಕ ಸಮಸ್ಯೆಯಾಗಿ ರೋಗ ನಿವಾರಣೆಯಾಗಿದೆ ಎಂದು ಮಾಲ್ದೀವ್ಸ್, ಶ್ರೀಲಂಕಾಗಳಿಗೆ 2016ರಲ್ಲಿ, ಥಾಯ್ಲೆಂಡಿಗೆ 2017ರಲ್ಲಿ, ಬಾಂಗ್ಲಾದೇಶಕ್ಕೆ 2023ರಲ್ಲಿ ಮಾನ್ಯತೆ ಕೊಟ್ಟಿತು. ಚೀನಾ ಎಲ್ಲರಿಗಿಂತ ಮೊದಲು, 2007ರಲ್ಲಿ. ಅಲ್ಲಿ ಡಿಇಸಿ ಬೆರೆಸಿದ ಅಡುಗೆ ಉಪ್ಪನ್ನೂ ಬಳಸಿದ್ದರು. ನಮ್ಮ ಗುರಿ ಮೊದಲು 2015 ಇತ್ತು, ಮುಂದಕ್ಕೆ ಹೋಗುತ್ತಾ ಈಗ 2027ಕ್ಕೆ ಬಂದಿದೆ.

ಶ್ರೀಲಂಕಾದಲ್ಲಿ ರೋಗವಿದ್ದದ್ದು ಎಂಟು ಜಿಲ್ಲೆಗಳಲ್ಲಿ. 1947ರಿಂದಲೇ ಈ ಒಂದೇ ರೋಗಕ್ಕೆಂದು ಅಲ್ಲೊಂದು ಪಡೆ ಇತ್ತು. 2002ರಿಂದ 2006ರವರೆಗೆ ಐದು ಸುತ್ತು ಎರಡು ಔಷಧಿ ಕೊಟ್ಟರು. ಮಾತ್ರೆ ನಿಂತ ಮೇಲೂ ಆ ಪಡೆಯನ್ನು ವಿಸರ್ಜಿಸಲಿಲ್ಲ, ರಾತ್ರಿಯ ರಕ್ತ ಪರೀಕ್ಷೆ ನಡೆಯುತ್ತಲೇ ಇದೆ. ನಾವು ಅವರಿಂದ ಕಲಿಯಬೇಕಾದ್ದು ಇದನ್ನೇ. ಭಾರತದಲ್ಲಿ ನೂರಾರು ಜಿಲ್ಲೆಗಳಲ್ಲಿ ಏಕಕಾಲಕ್ಕೆ ಶೇ. 65 ಜನ ನುಂಗುವಂತೆ ಮಾಡಬೇಕು. ಹಂಚಿದ್ದು ಶೇ. 90 ಎಂದು ಪುಸ್ತಕದಲ್ಲಿದ್ದು ನುಂಗಿದ್ದು ಅರ್ಧ ಆದರೆ ವರ್ಷಗಳು ಕಳೆಯುತ್ತವೆ, ಹುಳ ಉಳಿಯುತ್ತದೆ. ಅದಕ್ಕೇ ಮೂರು ಔಷಧಿಯ ಕ್ರಮ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅದನ್ನು ಶಿಫಾರಸು ಮಾಡಿತು. ನಮ್ಮ ಯಾದಗಿರಿ ದೇಶದಲ್ಲಿ ಅದನ್ನು ಮೊದಲು ಕಂಡ ಜಿಲ್ಲೆಗಳಲ್ಲೊಂದು. ಒಂದೇ ಸಲಕ್ಕೆ ಮರಿಹುಳ ದೀರ್ಘಕಾಲ ಬಾರದಂತೆ ತಡೆಯುವುದರಿಂದ ಸುತ್ತುಗಳ ಸಂಖ್ಯೆ ಇಳಿಯುತ್ತದೆ. ಆಫ್ರಿಕಾದ ಹಲವು ಕಡೆ ಈ ಮೂರನ್ನೂ ಒಟ್ಟಿಗೆ ಕೊಡಲಾಗದು. ನದಿಕುರುಡು ರೋಗವಿರುವ ಕಡೆ ಡಿಇಸಿ ಕಣ್ಣಿಗೆ ಅಪಾಯ, ಲೋವಾ ಎಂಬ ಇನ್ನೊಂದು ಹುಳವಿರುವ ಕಡೆ ಐವರ್ಮೆಕ್ಟಿನ್ ಅಪಾಯ. ಆ ತೊಡಕು ನಮಗಿಲ್ಲ.

ಮಾನ್ಯತೆ ಪಡೆಯಲು ದೇಶ ಸಲ್ಲಿಸುವ ಕಡತದಲ್ಲಿ ರೋಗಿಗಳ ಕಾಲಿನ ಆರೈಕೆ, ಹೈಡ್ರೋಸಿಲ್ (ವೃಷಣದ ಸುತ್ತ ನೀರು ತುಂಬಿ ಊದುವುದು) ಶಸ್ತ್ರಚಿಕಿತ್ಸೆ ಎಲ್ಲೆಲ್ಲಿ ಸಿಗುತ್ತದೆ ಎಂದೂ ತೋರಿಸಬೇಕು. ಕಾಪುವಿನ ಅತ್ತೆಯವರ ಕಾಲು ಈ ಲೆಕ್ಕದೊಳಗೇ ಬರುತ್ತದೆ.

*ನನ್ನ ಬೋಟಿನಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗರಿದ್ದಾರೆ. ಅವರಿಂದ ರೋಗ ಮತ್ತೆ ಬರುತ್ತದೆ ಎನ್ನುತ್ತಾರೆ. ಏನು ಮಾಡಲಿ?*
— ಬಂದರು, ಮಂಗಳೂರು

ಅವರನ್ನು ದೂರ ಮಾಡಬೇಡಿ, ಪರೀಕ್ಷೆ ಮಾಡಿಸಿ. ರೋಗವಿರುವ ಜಿಲ್ಲೆಯಿಂದ ಬಂದವರ ರಕ್ತದಲ್ಲಿ ಮರಿಹುಳ ಇರಬಹುದು. ಅದು ಅವರ ತಪ್ಪಲ್ಲ. ನುಸಿಯ ಹೊಟ್ಟೆಗೆ ಹೋದ ಮರಿಹುಳ ಅಲ್ಲಿ ಹತ್ತರಿಂದ ಹದಿನಾಲ್ಕು ದಿನ ಬೆಳೆದರೆ ಮಾತ್ರ ಇನ್ನೊಬ್ಬರಿಗೆ ತಗಲುತ್ತದೆ. ಮಲೇರಿಯಾದಂತೆ ಒಂದೆರಡು ಕಡಿತಕ್ಕೆ ಅಂಟುವುದಿಲ್ಲ; ತಿಂಗಳುಗಟ್ಟಲೆ, ಸಾವಿರಾರು ಕಡಿತ ಬೇಕು. ಹಾಗಾಗಿ ಸಮಯ ನಮ್ಮ ಕಡೆಗಿದೆ. ಋತು ಶುರುವಾದಾಗ, ಆಗಸ್ಟಿನಲ್ಲಿ ಬೋಟು ಇಳಿಯುವ ಮೊದಲು, ಆರೋಗ್ಯ ಕೇಂದ್ರಕ್ಕೆ ತಿಳಿಸಿ ಎಲ್ಲರ ರಕ್ತ ಒಂದೇ ದಿನ ನೋಡಿಸಿ. ಸೋಂಕಿದ್ದವರಿಗೆ ಡಿಇಸಿ ಹನ್ನೆರಡು ದಿನ ಕೊಡುವ ಕ್ರಮವಿದೆ. ಕೆಲಸ ತಪ್ಪುತ್ತದೆ ಎಂಬ ಹೆದರಿಕೆ ಇದ್ದರೆ ಯಾರೂ ಬೆರಳು ಕೊಡುವುದಿಲ್ಲ. ಸೋಂಕಿದ್ದರೂ ಕೆಲಸ ಇದೆ ಎಂದು ಮೊದಲೇ ಹೇಳಿಬಿಡಿ. ಅವರು ಮಲಗುವ ಕೋಣೆಗೆ ಪರದೆ ಕೊಡಿಸಿ. ಥಾಯ್ಲೆಂಡಿನಲ್ಲಿ ಹೊರಗಿನಿಂದ ಬರುವ ಕೆಲಸಗಾರರ ಆರೋಗ್ಯ ತಪಾಸಣೆಯಲ್ಲೇ ಫೈಲೇರಿಯಾವನ್ನೂ ಸೇರಿಸಿದ್ದಾರೆ.

*ಊರೂ ಬೇಡ. ಬೀಜ ಊದಿದೆ, ನೋವಿಲ್ಲ. ನಾಚಿಕೆಯಿಂದ ಹತ್ತು ವರ್ಷ ಸುಮ್ಮನಿದ್ದೆ.*

ಇದು ಹೈಡ್ರೋಸಿಲ್ ಇರಬಹುದು. ಗಂಡಸರಲ್ಲಿ ಫೈಲೇರಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೀಗೆಯೇ. ಮಾತ್ರೆಗೆ ಇಳಿಯದು, ಸೂಜಿ ಹಾಕಿ ನೀರು ತೆಗೆಸಿದರೆ ಮತ್ತೆ ತುಂಬುತ್ತದೆ, ಕೀವಾಗುವ ಅಪಾಯವೂ ಇದೆ. ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಸರ್ಕಾರಿ ತಾಲೂಕು ಆಸ್ಪತ್ರೆಯ ಸರ್ಜನ್ನರನ್ನು, ಇಲ್ಲವಾದರೆ ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಜಿಲ್ಲಾ ಆಸ್ಪತ್ರೆಯವರನ್ನು ಕಾಣಿ. ಹರ್ನಿಯಾ, ಗಡ್ಡೆ ಅಲ್ಲವೆಂದು ಅವರು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಅವರಿಗೆ ಇದು ದಿನನಿತ್ಯದ ಕೆಲಸ, ನಾಚಿಕೆ ಬೇಡ.

*ಹುಡುಗಿ ಒಳ್ಳೆಯವಳು, ಮನೆತನವೂ. ಅವಳ ತಾಯಿಗೆ ಆನೆಕಾಲು. ವಂಶಕ್ಕೆ ಬರುತ್ತದೆ ಎಂದು ನಮ್ಮ ದೊಡ್ಡಮ್ಮ ಸಂಬಂಧ ಬೇಡ ಎನ್ನುತ್ತಾರೆ.*
— ಬ್ರಹ್ಮಾವರ

ವಂಶಕ್ಕೆ ಬರುವುದಿಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ಕಾಲು ಊದಿ ವರ್ಷಗಳಾದವರ ರಕ್ತದಲ್ಲಿ ಹೆಚ್ಚಾಗಿ ಮರಿಹುಳವೇ ಇರುವುದಿಲ್ಲ. ಅಂಥವರಿಂದ ನುಸಿಗೂ ಸಿಗುವುದೇನಿಲ್ಲ. ದೊಡ್ಡಮ್ಮನವರಿಗೆ ಈ ಪುಟವನ್ನು ಓದಿ ಹೇಳಿ. ಸಂಬಂಧ ಮಾಡಿಕೊಳ್ಳಿ, ಆ ತಾಯಿಗೆ ಕಾಪುವಿನವರಿಗೆ ಬರೆದ ಕ್ರಮದಲ್ಲಿ ಕಾಲು ತೊಳೆಯುವುದನ್ನು ಹೇಳಿಕೊಡಿ.